ಸೊಂಟದಿಂದ ಪಾದಕ್ಕಿಳಿಯುವ ನೋವು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಹೊಲಗಳಲ್ಲಿ, ಕೆ.ಆರ್. ನಗರದ ಭತ್ತದ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ದುಡಿಯುವ ಮಹಿಳೆಯರಿಗೆ ಸೊಂಟನೋವು ಹೊಸದಲ್ಲ. ಆದರೆ ನೋವು ತೊಡೆ, ಮೀನಖಂಡ ದಾಟಿ ಪಾದದವರೆಗೆ ಕರೆಂಟ್ ಹೊಡೆದಂತೆ ಇಳಿದರೆ ಅದು ಸಯಾಟಿಕಾ ಇರಬಹುದು. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರದ ಬೇರನ್ನು ಒತ್ತುವುದೇ ಇದಕ್ಕೆ ಸಾಮಾನ್ಯ ಕಾರಣ.

ಗಾಬರಿ ಬೇಡ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ನೋವು ತಗ್ಗುತ್ತದೆ. ಹಾಸಿಗೆ ಹಿಡಿಯದೆ, ಸಹಿಸುವಷ್ಟು ನಡೆದಾಡಿ. ಭಾರವನ್ನು ಮೊಣಕಾಲು ಮಡಿಸಿ ಎತ್ತಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗುತ್ತಿರಬೇಡಿ.

ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಗುಪ್ತಾಂಗದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಮಾತ್ರ ತಡಮಾಡದೆ ಅಂದೇ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗಿ. ನಾಚಿಕೆಯಿಂದ ಮುಚ್ಚಿಟ್ಟರೆ ನರಕ್ಕಾದ ಹಾನಿ ಶಾಶ್ವತವಾಗಿ ಉಳಿಯಬಹುದು. ಮನೆಯವರೇ, ನೀವೂ ಕೇಳಿ ತಿಳಿದುಕೊಳ್ಳಿ.