ಆಶಾ ಅಕ್ಕ ಕೇಳಬೇಕಾದ ಒಂದು ಪ್ರಶ್ನೆ

ಕೆಜಿಎಫ್ ಅಂದ ತಕ್ಷಣ ದೇಶಕ್ಕೆಲ್ಲ ಈಗ ನೆನಪಾಗೋದು ಸಿನಿಮಾ. ಆದರೆ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯ ಲೈನ್ ಮನೆಗಳ ಮುಂದೆ ಬೆಳಗ್ಗೆ ಒಂದ್ಸಲ ನಡೆದು ನೋಡಿ. ಕೇಳೋದು ಡೈಲಾಗ್ ಅಲ್ಲ, ಕೆಮ್ಮು.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅವತ್ತು ಮೂವತ್ತು ವರ್ಷದವನಾಗಿದ್ದ ಕಾರ್ಮಿಕ ಈಗ ಐವತ್ತರ ಮಧ್ಯದಲ್ಲಿದ್ದಾನೆ. ಐವತ್ತು ದಾಟಿದ್ದವನು ಬದುಕಿದ್ದರೆ ಎಪ್ಪತ್ತೈದು ಮೀರಿದೆ. ಗಣಿ ಮುಚ್ಚಿತು ಅಂದಮೇಲೆ ಗಣಿಯ ಕಾಯಿಲೆಯೂ ಮುಗಿದಿರಬೇಕಲ್ವಾ? ಇಲ್ಲ ಸ್ವಾಮಿ, ಮುಗಿಯಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ನೋಡೋಣ.

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಆ ಕಲ್ಲನ್ನು ಕೊರೆದಾಗ, ಸಿಡಿಸಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಂತುಬಿಡುತ್ತೆ. ಕಾಣದಷ್ಟು ಸಣ್ಣ ಕಣ ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ, ಹೊರಗೆ ಬರೋದಿಲ್ಲ. ಅದರ ಸುತ್ತ ಗಾಯ, ಗಾಯದ ಮೇಲೆ ಗಂಟು. ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತೆ. ಇದಕ್ಕೇ ಸಿಲಿಕೋಸಿಸ್ ಅನ್ನೋದು. ಕೆಲಸ ಬಿಟ್ಟು ಎಷ್ಟೋ ವರ್ಷ ಆದಮೇಲೂ ಇದು ಕಾಣಿಸಿಕೊಳ್ಳಬಹುದು, ಮುಂದುವರಿಯಬಹುದು. ಗುಣಪಡಿಸುವ ಔಷಧಿ ಇಲ್ಲ.

ಇದೇನು ಹೊಸ ಸುದ್ದಿ ಅಲ್ಲ. ಸ್ವಾತಂತ್ರ್ಯ ಬರುವ ಹೊತ್ತಿಗಾಗಲೇ ಇಲ್ಲಿನ ಸಾವಿರಾರು ಕಾರ್ಮಿಕರ ಎದೆ ತಪಾಸಣೆ ಮಾಡಿ ಸಿಲಿಕೋಸಿಸ್ ಇರೋದನ್ನು ವೈದ್ಯರು ದಾಖಲಿಸಿದ್ದರು. ಈ ಕಾಯಿಲೆ ಬಗ್ಗೆ ಭಾರತದಲ್ಲಿ ಯಾರು ಬರೆದರೂ ಕೋಲಾರದ ಗಣಿಯ ಹೆಸರು ಮೊದಲ ಪುಟದಲ್ಲೇ ಬರುತ್ತೆ. ಗಣಿ ನಡೆಯುವಾಗ ಕಾರ್ಮಿಕನಿಗೆ ಬಿಜಿಎಂಎಲ್ ಆಸ್ಪತ್ರೆ ಇತ್ತು, ಅವನ ಕೆಲಸ ಏನು ಅಂತ ಗೊತ್ತಿದ್ದ ವೈದ್ಯರಿದ್ದರು. ಗಣಿಯ ಹಿಂದೆಯೇ ಆಸ್ಪತ್ರೆಯೂ ಪಾಳುಬಿತ್ತು. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಸ್ವಯಂಸೇವಕರು ಸೇರಿ ಅದನ್ನು ತೊಳೆದು, ಗುಡಿಸಿ, ಹಾಸಿಗೆ ಹಾಕಿದರು. ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗ ಅಸಲು ವಿಷಯಕ್ಕೆ ಬರೋಣ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಗೃಹ ಆರೋಗ್ಯ ಯೋಜನೆ ಶುರು ಮಾಡಿದ್ದು ಇದೇ ಕೋಲಾರ ಜಿಲ್ಲೆಯಲ್ಲಿ. ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡ್ತಾರೆ, ಬಿಪಿ-ಶುಗರ್ ಮಾತ್ರೆ ಉಚಿತವಾಗಿ ಕೊಡ್ತಾರೆ. ಒಳ್ಳೆಯ ಯೋಜನೆ, ಅನುಮಾನವೇ ಬೇಡ. ಕೆಜಿಎಫ್, ಬಂಗಾರಪೇಟೆ ಕಡೆ ದುಡಿಯುವ ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ತಿರುಗಿ ಬರೋದು ರಾತ್ರಿ. ಮನೆಯಲ್ಲಿ ಉಳಿಯೋದು ವಯಸ್ಸಾದವರು. ಅವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಯಾರಿದ್ದಾರೆ? ಆಸ್ಪತ್ರೆಯೇ ಬಾಗಿಲಿಗೆ ಬಂದರೆ ಅದಕ್ಕಿಂತ ಇನ್ನೇನು ಬೇಕು.

ಆದರೆ ಈ ಊರಿನ ಬಾಗಿಲಲ್ಲಿ ನಿಂತು ಬಿಪಿ ಪಟ್ಟಿ ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ‘ತಾತ, ನೀವು ಗಣಿಯೊಳಗೆ ಇಳೀತಿದ್ರಾ? ಎಷ್ಟು ವರ್ಷ?’ ತಮಿಳಲ್ಲಿ ಕೇಳಲಿ, ತೆಲುಗಲ್ಲಿ ಕೇಳಲಿ, ಅಲ್ಲಿನ ಆಶಾ ಅಕ್ಕಂದಿರಿಗೆ ಭಾಷೆಯ ಪಾಠ ನಾವು ಹೇಳಬೇಕಾಗಿಲ್ಲ.

ಈ ಪ್ರಶ್ನೆಗೆ ಯಾಕಿಷ್ಟು ತೂಕ? ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಮತ್ತು ಕ್ಷಯ ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಚುಕ್ಕೆಗಳಾಗಿ ಕಾಣಬಹುದು. ರೋಗಿಯ ಹಳೇ ಕೆಲಸ ಗೊತ್ತಿಲ್ಲದ ವೈದ್ಯರಿಗೆ ಮೊದಲು ಹೊಳೆಯೋದು ಕ್ಷಯ. ಆರು ತಿಂಗಳು ಮಾತ್ರೆ ನುಂಗಿಯೂ ಉಸಿರು ಕಟ್ಟೋದು ನಿಲ್ಲಲ್ಲ. ಇನ್ನೊಂದು ತೊಡಕೂ ಇದೆ: ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗುಲುವ ಅಪಾಯ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಹಾಗಾಗಿ ಎರಡೂ ಒಟ್ಟಿಗೇ ಇರಬಹುದು. ಎಕ್ಸ್‌ರೇ ಜೊತೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯ ಅಂತ ಖಚಿತವಾದರೆ ಚಿಕಿತ್ಸೆ ಉಚಿತ, ಪೌಷ್ಟಿಕ ಆಹಾರಕ್ಕೆ ಕೇಂದ್ರ ಕೊಡ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ.

ಇನ್ನು ಪರಿಹಾರದ ಮಾತು. ಕಾನೂನು ಸಿಲಿಕೋಸಿಸ್ ಅನ್ನು ವೃತ್ತಿರೋಗ ಅಂತ ಎಂದೋ ಒಪ್ಪಿದೆ. ಆದರೆ ಕಂಪನಿ ಮುಚ್ಚಿ ಇಪ್ಪತ್ತು ವರ್ಷ ಕಳೆದಮೇಲೆ, ಕಾಯಿಲೆಯ ಹೆಸರು ಬರೆದ ಒಂದು ಚೀಟಿಯೂ ಇಲ್ಲದ ಮುದುಕ ಯಾರ ಬಾಗಿಲು ತಟ್ಟಬೇಕು? ರಾಜಸ್ಥಾನ ಇದಕ್ಕೊಂದು ದಾರಿ ಹುಡುಕಿತು. 2019ರ ನೀತಿಯ ಪ್ರಕಾರ ಅಲ್ಲಿ ಸಿಲಿಕೋಸಿಸ್ ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ 2 ಲಕ್ಷ. ಕೊಡೋದು ಸರ್ಕಾರ. ಮಾಲೀಕ ಯಾರು, ಬದುಕಿದ್ದಾನಾ ಅಂತ ರೋಗಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ದೇಶಕ್ಕೆ ನೂರಿಪ್ಪತ್ತು ವರ್ಷ ಚಿನ್ನ ಅಗೆದುಕೊಟ್ಟ ಊರಿಗೆ ಅಷ್ಟಾದರೂ ಸಿಗಬಾರದಾ?

ಹಳಬರ ಕಥೆ ಅಂತ ಚಾನೆಲ್ ಬದಲಾಯಿಸಬೇಡಿ. ಗಣಿಯ ಸೈನೈಡ್ ಗುಡ್ಡಗಳ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯೋಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಗಾಳಿ ಬೀಸಿದರೆ ಆ ಪುಡಿ ಮನೆಗಳ ಮೇಲೆ ಬೀಳುತ್ತೆ. ನಾಳೆ ಅದನ್ನು ಯಂತ್ರದಿಂದ ಬಗೆಯುವಾಗ ಇನ್ನೆಷ್ಟು ಏಳಬಹುದು? ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಬಂಡೆ ಒಡೆಯುವ ಹುಡುಗರ ಶ್ವಾಸಕೋಶಕ್ಕೂ ಹೋಗ್ತಿರೋದು ಕಲ್ಲಿನ ಧೂಳೇ.

ನಿಮ್ಮ ಮನೆಯಲ್ಲಿ ಗಣಿಗೆ ಇಳಿದ ಹಿರಿಯರಿದ್ದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡ್ತಿದ್ದರೆ, ಸಿಬ್ಬಂದಿ ಬಂದಾಗ ಅವರು ಕೇಳದಿದ್ದರೂ ನೀವೇ ಹೇಳಿ. ಎಷ್ಟು ವರ್ಷ, ಯಾವ ಕೆಲಸ ಅನ್ನೋದನ್ನು ಆಸ್ಪತ್ರೆಯ ಚೀಟಿ ಮೇಲೆ ಬರೆಸಿ. ಹಳೇ ಎಕ್ಸ್‌ರೇ, ಗಣಿಯ ಗುರುತಿನ ಚೀಟಿ, ಪಿಎಫ್ ಕಾಗದ ಯಾವುದನ್ನೂ ಗುಜರಿಗೆ ಹಾಕಬೇಡಿ.