ಕೋಡಿ ಮರೆತ ನಗರ

ಸೊರಬ ತಾಲ್ಲೂಕಿನ ಕುಬಟೂರಿಗೆ ಹೋಗುವವರು ಸಾಮಾನ್ಯವಾಗಿ ಅಲ್ಲಿನ ಕೈಟಭೇಶ್ವರ ದೇವಾಲಯವನ್ನು ನೋಡಿ ಬರುತ್ತಾರೆ. ಸುಮಾರು ಒಂಬತ್ತು ನೂರು ವರ್ಷ ಹಳೆಯದಾದ ಆ ಗುಡಿಯ ಕಂಬಗಳ ನುಣುಪನ್ನು ಮೆಚ್ಚುತ್ತಾರೆ. ಆದರೆ ಆ ಸೀಮೆಯ ಹಿರಿಯರು ಬಲ್ಲ ಇನ್ನೊಂದು ವಿದ್ಯೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಕೆರೆ ಕಟ್ಟುವ ವಿದ್ಯೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೊರಬ, ಶಿಕಾರಿಪುರಗಳಲ್ಲಿ ಊರೂರಿಗೂ ಕೆರೆಗಳುಂಟು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವಂತೂ ಕದಂಬ ಅರಸ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ಐದನೆಯ ಶತಮಾನದ ಮಾತು!

ಕೆರೆಯೆಂದರೆ ಬರೀ ನೀರು ತುಂಬಿದ ಹೊಂಡವಲ್ಲ. ಅದಕ್ಕೆ ಮೂರು ಅಂಗಗಳು. ನೀರನ್ನು ತಡೆಯಲು ಏರಿ, ಬೇಕಾದಾಗ ಗದ್ದೆಗೆ ಬಿಡಲು ತೂಬು, ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಹೋಗಲು ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತದೆ. ಹೀಗೆ ಒಂದೇ ರಾತ್ರಿ ಸುರಿದ ಮಳೆ ಒಮ್ಮೆಗೇ ನುಗ್ಗದೆ, ಕೆರೆಯಿಂದ ಕೆರೆಗೆ ತಂಗುತ್ತ ಸಾಗುತ್ತದೆ. ಅತಿವೃಷ್ಟಿಗೂ ಅನಾವೃಷ್ಟಿಗೂ ಒಂದೇ ಮದ್ದು!

ಬೆಂಗಳೂರೂ ಇದೇ ವಿದ್ಯೆಯಿಂದ ಬೆಳೆದ ಊರು. ದೊಡ್ಡ ನದಿಯಿಲ್ಲದ ಆ ಎತ್ತರದ ನೆಲದಿಂದ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಆ ದಾರಿಯುದ್ದಕ್ಕೂ ಕೆರೆಗಳ ಸರಪಳಿ ಇತ್ತು. ನಗರ ಬೆಳೆದಂತೆ ಸರಪಳಿಯ ಕೊಂಡಿಗಳು ಕಳಚಿದವು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಎಷ್ಟೋ ಕಡೆ ರಾಜಕಾಲುವೆಗಳ ಮೇಲೆ ಕಟ್ಟಡಗಳೆದ್ದವು.

ಇದರ ಫಲವೇನು? 2022ರ ಸೆಪ್ಟೆಂಬರ್‌ನಲ್ಲಿ ಮಳೆ ಸುರಿದಾಗ ಬೆಳ್ಳಂದೂರಿನ ಸುತ್ತಲಿನ ಬಡಾವಣೆಗಳು ಮುಳುಗಿದವು. ಕಂಪ್ಯೂಟರ್ ಸಂಸ್ಥೆಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ಮರುವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಬೇಸಿಗೆಯಲ್ಲಿ ಅದೇ ಬೆಂಗಳೂರಿನಲ್ಲಿ ಸಾವಿರಾರು ಕೊಳವೆ ಬಾವಿಗಳು ಬತ್ತಿ, ಜನ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತರು. ಎರಡು ವರ್ಷ ತುಂಬುವ ಮೊದಲೇ ಒಂದೇ ನಗರಕ್ಕೆ ನೆರೆಯೂ ಬಂತು, ನೀರಡಿಕೆಯೂ ಬಂತು.

ಹಿಂದಿನ ವಿಜ್ಞಾನ ಸರಳ. ಮಣ್ಣಿನ ನೆಲ ಮಳೆನೀರಿನ ಬಹುಭಾಗವನ್ನು ಕುಡಿಯುತ್ತದೆ. ಸಿಮೆಂಟು, ಡಾಂಬರು ಕುಡಿಯುವುದಿಲ್ಲ. ಒಂದು ಎಕರೆಗೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಅದು ಇಂಗದಿದ್ದರೆ ಹರಿಯಲೇಬೇಕು. ಇದರ ಜೊತೆಗೆ ಭೂಮಿ ಬಿಸಿಯಾಗುತ್ತಿದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಾಗಾಗಿ ಸುರಿದಾಗ ಮಳೆ ಜೋರಾಗಿ ಸುರಿಯುತ್ತದೆ.

ಪರಿಹಾರದ ಹುಡುಕಾಟವೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳ ನೆರವಿನಿಂದ ನಗರದ ಕೆರೆ, ಹಸಿರು ಕರಗಿದ ಬಗೆಯನ್ನು ಲೆಕ್ಕ ಹಾಕಿತು. ಅದೇ ಸಂಸ್ಥೆಯ ಪಿ. ಪಿ. ಮುಜುಮ್‌ದಾರ್ ನಗರ ನೆರೆಯ ಕುರಿತು ಸಂಶೋಧನೆ ನಡೆಸಿದವರು. ಮಳೆಯ ಮುನ್ಸೂಚನೆ ನೀಡುವ 'ಮೇಘ ಸಂದೇಶ' ಎಂಬ ಮೊಬೈಲ್ ತಂತ್ರಾಂಶ 2020ರಲ್ಲಿ ಹೊರಬಂತು. 2009ರಲ್ಲೇ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. ಆದರೆ ಮುನ್ಸೂಚನೆ ನೀರಿಗೆ ಜಾಗ ಮಾಡಿಕೊಡಲಾರದು. ಆ ಜಾಗವನ್ನು ಜನರೇ ಉಳಿಸಿಕೊಡಬೇಕು.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಒಂದು ಪ್ರಯೋಗ ಮಾಡಬಹುದು. ನೇರ ಬದಿಯ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ದಿನವೂ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ನೀರಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆದು, ಡಬ್ಬಿ ಖಾಲಿ ಮಾಡಿ ಮತ್ತೆ ಇಡಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿಗೇ. ಅದನ್ನು ಮನೆಯ ಚಾವಣಿಯ ಚದರ ಮೀಟರ್‌ನಿಂದ ಗುಣಿಸಿದರೆ ಅಲ್ಲಿ ಬಿದ್ದ ನೀರು ಎಷ್ಟು ಲೀಟರ್ ಎಂದು ತಿಳಿಯುತ್ತದೆ. ನಂತರ ತಂದೆತಾಯಿಯರ ಜೊತೆ ನಿಮ್ಮ ಬೀದಿಯ ಚರಂಡಿಯ ಜಾಡು ಹಿಡಿದು ಹೋಗಿ. ನಿಮ್ಮ ಮನೆಯ ನೀರು ಯಾವ ಕೆರೆ ಸೇರುತ್ತದೆ? ಆ ಕೆರೆಯ ಕೋಡಿ ಈಗಲೂ ತೆರೆದಿದೆಯೇ?