ಆನ್‌ಲೈನ್ ಇಂಗ್ಲಿಷ್ ಕಲಿಕೆ: ಪ್ರೇರಣೆ ಮತ್ತು ತೃಪ್ತಿ

ಅನ್ಯಭಾಷೆಯನ್ನು ಕಲಿಯುವ ಪ್ರೇರಣೆಯಲ್ಲಿ ಕೆನಡಾದ ವಿದ್ವಾಂಸರಾದ ರಾಬರ್ಟ್ ಗಾರ್ಡ್‌ನರ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಎರಡು ಬಗೆಗಳನ್ನು ಗುರುತಿಸಿದರು: ಆ ಭಾಷಿಕರೊಡನೆ ಬೆರೆಯುವ ಹಂಬಲ ಒಂದು, ಉದ್ಯೋಗ ಮೊದಲಾದ ಪ್ರಯೋಜನದ ದೃಷ್ಟಿ ಇನ್ನೊಂದು. ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದವರನ್ನು ಕುರಿತ ಅವರ 1959ರ ಅಧ್ಯಯನದಲ್ಲಿ ಮೊದಲನೆಯದೇ ಮೇಲುಗೈ ಪಡೆದಿತ್ತು. ಅಲ್ಲಿ ಫ್ರೆಂಚ್ ನೆರೆಯವರ ನುಡಿ. ಗ್ರಾಮೀಣ ಕರ್ನಾಟಕದ ವಿದ್ಯಾರ್ಥಿಗೆ ಇಂಗ್ಲಿಷ್ ಬಹುಮಟ್ಟಿಗೆ ಪರೀಕ್ಷೆಯ, ಸಂದರ್ಶನದ ನುಡಿ. ಇಲ್ಲಿ ಎರಡನೆಯದು ಮುಂದಾಗುವುದು ಸಹಜ.

2020ರಲ್ಲಿ ಕೋವಿಡ್ ಕಾರಣದಿಂದ ಶಾಲಾ-ಕಾಲೇಜುಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ಪ್ರೇರಣೆಯಿದ್ದ ಮಾತ್ರಕ್ಕೆ ತೃಪ್ತಿ ದೊರೆಯದೆಂಬುದು ಸ್ಪಷ್ಟವಾಯಿತು. ಮಲೆನಾಡಿನಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಕುಳಿತವರಲ್ಲಿ ಪ್ರೇರಣೆಯ ಕೊರತೆಯಿತ್ತೆನ್ನಲಾಗದು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಪ್ರಕಾರ ಒಳಗಿನ ಉತ್ಸಾಹ ಉಳಿಯಲು ಸ್ವಾಯತ್ತತೆ, ಸಾಮರ್ಥ್ಯದ ಅರಿವು, ಪರಸ್ಪರ ಬಾಂಧವ್ಯ ಈ ಮೂರೂ ಬೇಕು. ಧ್ವನಿಮುದ್ರಿತ ಪಾಠವು ಮೊದಲೆರಡನ್ನು ಒಂದಿಷ್ಟು ನೀಡಬಲ್ಲುದು: ಒಂದು ಉಚ್ಚಾರಣೆಯನ್ನು ಹತ್ತು ಸಲ ಕೇಳಬಹುದು, ನಗುವವರಿಲ್ಲ. ಕೈತಪ್ಪುವುದು ಮೂರನೆಯದು.

ಇದನ್ನು ಜನಪದ ಕಲಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ನೀಲಗಾರರ ಮೇಳದಲ್ಲಿ ಎಳೆಯ ಗಾಯಕ ಹಿಮ್ಮೇಳದ ಸೊಲ್ಲಿಗೆ ದನಿಗೂಡಿಸುತ್ತಲೇ ಮಂಟೇಸ್ವಾಮಿ ಕಾವ್ಯವನ್ನು ಕಲಿಯುತ್ತಾನೆ; ಅವನ ತಪ್ಪು ಉಳಿದವರ ದನಿಯಲ್ಲಿ ಮುಳುಗಿಹೋಗುತ್ತದೆ, ತಿದ್ದಿಕೊಳ್ಳಲು ಮುಂದಿನ ಸೊಲ್ಲು ಇದ್ದೇ ಇರುತ್ತದೆ. ಆನ್‌ಲೈನ್ ತರಗತಿಯಲ್ಲಾದರೋ ಒಮ್ಮೆಗೆ ಒಬ್ಬನೇ ಮಾತನಾಡಬೇಕು. ತಡವರಿಸಿದ ಒಂದೊಂದು ಪದವೂ ಎಲ್ಲರ ಕಿವಿಗೆ ಬೀಳುತ್ತದೆ. ಮೈಕ್ ಆಫ್ ಮಾಡಿ ಕುಳಿತ ವಿದ್ಯಾರ್ಥಿಯನ್ನು ನಿರಾಸಕ್ತನೆಂದು ಎಣಿಸುವವರು ಈ ಭೇದವನ್ನು ಗಮನಿಸಿದಂತಿಲ್ಲ. ಅದೇ ವಿದ್ಯಾರ್ಥಿ ಮೂರು-ನಾಲ್ಕು ಜನರ ಗುಂಪಿನಲ್ಲಿ ಬಾಯಿಬಿಡುವುದುಂಟು.